ಫ್ಯಾನ್ ತಿರುಗಿತು, ಡಿಸ್‌ಪ್ಲೇ ಬರಲಿಲ್ಲ: ಮೊದಲ ಸಲ ಕಂಪ್ಯೂಟರ್ ಜೋಡಿಸಿದ ಒಂದು ಪ್ರಕರಣ

ಇದು 2023ರ ಜುಲೈನಲ್ಲಿ ನಡೆದದ್ದು. ಮಲೆನಾಡಿನ ಒಂದು ತಾಲ್ಲೂಕು ಪೇಟೆಯಲ್ಲಿ ಅಣ್ಣ, ತಮ್ಮ ಇಬ್ಬರು ಸೇರಿ ನಡೆಸುವ ಫೋಟೊ ಸ್ಟುಡಿಯೊ. ಊರಿನ ಹೆಸರು, ಅವರ ಹೆಸರು, ಅಂಗಡಿಯ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಆದ ತಪ್ಪುಗಳನ್ನು ಮಾತ್ರ ಮುಟ್ಟಿಲ್ಲ. ಬರೆಯುತ್ತೇನೆ ಎಂದಾಗ ಇಬ್ಬರೂ ಒಪ್ಪಿದರು. ತಮ್ಮ ಒಂದು ಷರತ್ತು ಹಾಕಿದ. "ಪಿನ್ ಬಗ್ಗಿಸಿದ್ದನ್ನೂ ಬರೀರಿ ಸರ್, ಬಿಡಬೇಡಿ."

ನಾನು ಶಿವಮೊಗ್ಗದವನು. ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಈ ಕತೆಯಲ್ಲಿ ನಾನು ಬರುವುದು ಅರ್ಧ ದಾಟಿದ ಮೇಲೆ.

ಹಿನ್ನೆಲೆ

ಸ್ಟುಡಿಯೊ ನಡೆಯುವುದೇ ಮದುವೆಗಳಿಂದ. ಏಪ್ರಿಲ್, ಮೇ ಪೂರ್ತಿ ಛತ್ರದಿಂದ ಛತ್ರಕ್ಕೆ ಓಡಾಟ. ಆಷಾಢ ಬಂತೆಂದರೆ ಕ್ಯಾಮೆರಾ ಬೀರುವಿಗೆ ಹೋಗುತ್ತದೆ, ಕೂತು ಎಡಿಟ್ ಮಾಡುವ ಕಾಲ ಶುರುವಾಗುತ್ತದೆ. ಆ ವರ್ಷ ಆಷಾಢ ಮುಗಿದ ಬೆನ್ನಿಗೇ ಅಧಿಕ ಶ್ರಾವಣ ಬೇರೆ ಬಂದಿತ್ತು. ಅಂದರೆ ಆಗಸ್ಟ್ ಅರ್ಧದ ತನಕ ಮುಹೂರ್ತವೇ ಇಲ್ಲ. ಹನ್ನೊಂದು ಮದುವೆಗಳ ವಿಡಿಯೊ ಬಾಕಿ ಇತ್ತು. ಹಳೆಯ ಕಂಪ್ಯೂಟರಿಗೆ 4ಕೆ ಫೈಲ್ ಕೊಟ್ಟರೆ ಮಾಂಗಲ್ಯಧಾರಣೆಯ ಮೂರು ನಿಮಿಷ ನೋಡಲು ಕಾಲು ಗಂಟೆ ಬೇಕಿತ್ತು.

ಅಣ್ಣನ ಲೆಕ್ಕ ಸರಳ. ಶಿವಮೊಗ್ಗದಲ್ಲಿ ರೆಡಿ ಸಿಸ್ಟಮ್ ತಗೊಳ್ಳೋದು, ಕೆಟ್ಟರೆ ಅವರನ್ನೇ ಕೇಳೋದು. ತಮ್ಮನಿಗೆ 24 ವರ್ಷ. ವಿಡಿಯೊಗಳನ್ನು ನೋಡಿ ನೋಡಿ, ತಾನೇ ಜೋಡಿಸುತ್ತೇನೆ ಎಂದು ಹಟ ಹಿಡಿದ. ಅವನ ಮಾತಿನಲ್ಲೂ ತೂಕವಿತ್ತು. ಅದೇ ದುಡ್ಡಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬರುತ್ತದೆ, ಮುಂದೆ ರ‍್ಯಾಮ್ ಜಾಸ್ತಿ ಮಾಡಬೇಕಾದರೆ ಯಾರ ಕೈಕಾಲೂ ಹಿಡಿಯಬೇಕಿಲ್ಲ. ಅಣ್ಣ 80,000 ರೂಪಾಯಿ ಕೊಟ್ಟ. ತಮ್ಮ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋದ.

ಎಸ್.ಪಿ. ರೋಡ್ ನೋಡದವರಿಗೆ ಒಂದು ಮಾತು. ಚಿಕ್ಕಪೇಟೆ ಮೆಟ್ರೊ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಕಿಷ್ಕಿಂಧೆಯಂಥ ಬೀದಿ, ಎರಡೂ ಕಡೆ ಕಂಪ್ಯೂಟರ್ ಅಂಗಡಿಗಳು, ಮೇಲೆ ಮಹಡಿಯಲ್ಲೂ ಅಂಗಡಿಗಳು. ಒಂದೇ ವಸ್ತುವಿಗೆ ಮೂರು ಅಂಗಡಿಯಲ್ಲಿ ಮೂರು ರೇಟು. ಮೊದಲ ಸಲ ಹೋದವನ ತಲೆ ಗಿರ್ರೆನ್ನುತ್ತದೆ. ತಮ್ಮ ಪಟ್ಟಿ ಬರೆದುಕೊಂಡೇ ಹೋಗಿದ್ದ, ಅದು ಒಳ್ಳೆಯದಾಯಿತು.

ಅವನು ತಂದದ್ದು ಇಷ್ಟು. ಪ್ರೊಸೆಸರ್ ರೈಜನ್ 5 5600, 13,000 ರೂಪಾಯಿ. ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್, 6,000. ಎಂಟೆಂಟು ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 4,000. ಆರ್‌ಟಿಎಕ್ಸ್ 3060, 12 ಜಿಬಿಯ ಗ್ರಾಫಿಕ್ಸ್ ಕಾರ್ಡ್, 28,000. ಒಂದು ಟಿಬಿ ಎಸ್‌ಎಸ್‌ಡಿ 5,000, ಎರಡು ಟಿಬಿ ಹಾರ್ಡ್ ಡಿಸ್ಕ್ 4,500. ಎಲ್ಲಕ್ಕೂ ಕರೆಂಟ್ ಕೊಡುವ 550 ವ್ಯಾಟ್ ಎಸ್‌ಎಂಪಿಎಸ್ 4,500. ನಾಲ್ಕು ಬಣ್ಣದ ಫ್ಯಾನ್ ಇರುವ ಗಾಜಿನ ಕ್ಯಾಬಿನೆಟ್ 4,500. 24 ಇಂಚಿನ ಮಾನಿಟರ್ 11,000. ಒಟ್ಟು 80,500. ಮೇಲಿನ ಐನೂರು ಅವನದೇ ಜೇಬಿನದು.

ಇದರಲ್ಲಿ ಅವನು ಸರಿಯಾಗಿ ನಿರ್ಧರಿಸಿದ ಒಂದು ವಿಷಯವನ್ನು ಹೇಳಲೇಬೇಕು. ಇನ್ನೊಂದು ಅಂಗಡಿಯವರು ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಕೊಡುತ್ತೇವೆ ಎಂದಿದ್ದರು. ಅಣ್ಣ ಫೋನಿನಲ್ಲಿ "ತಗೊಳ್ಳೋ, ನಾಲ್ಕೂವರೆ ಸಾವಿರ ಉಳಿಯುತ್ತೆ" ಎಂದ. ತಮ್ಮ ಬಗ್ಗಲಿಲ್ಲ. 28,000ದ ಕಾರ್ಡಿಗೆ ಕರೆಂಟ್ ಕೊಡುವ ವಸ್ತು ಫ್ರೀ ಬರುವುದಾದರೆ ಅದು ಯಾಕೆ ಫ್ರೀ ಎಂದು ಯೋಚಿಸಬೇಕು, ಅಲ್ವಾ? ಬಿಲ್ಲನ್ನೂ ಅವನು ಜಿಎಸ್‌ಟಿ ಸಮೇತ, ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಂಡೇ ತಂದ. ವಾರಂಟಿಗೆ ನಾಳೆ ಅದೇ ಆಧಾರ.

ಎಡವಿದ್ದು ಎರಡು ಕಡೆ. ಇದಕ್ಕಿಂತ ಹೊಸದಾದ ಬಿ550 ಬೋರ್ಡಿಗೆ ಇನ್ನೂ ಮೂರೂವರೆ ಸಾವಿರ ಬೇಕಿತ್ತು. "ಬಿ450 ಸಾಕು, ಸಾಕೆಟ್ ಒಂದೇ" ಎಂದರು ಅಂಗಡಿಯವರು. ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ಒಂದೇ ಎನ್ನುವುದು ನಿಜವೇ. ಇನ್ನೊಂದು, ಪ್ಯಾಕ್ ಮಾಡುವ ಮೊದಲು "ಒಂದ್ಸಲ ಡಿಸ್‌ಪ್ಲೇ ತೋರಿಸಿ ಕೊಡಿ" ಎಂದು ಅವನು ಕೇಳಲಿಲ್ಲ. ಎಲ್ಲ ಭಾಗವನ್ನೂ ಒಂದೇ ಅಂಗಡಿಯಲ್ಲಿ ತಗೊಂಡಾಗ ಹೀಗೆ ಕೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲ ಎನ್ನುವುದಿಲ್ಲ, ಹೆಚ್ಚೆಂದರೆ ಸಣ್ಣದೊಂದು ಮೊತ್ತ ಕೇಳಬಹುದು. ಆಮೇಲೆ ಅವನೇ ಹೇಳಿದ: "ಮೊದಲ ಸಲ ಆನ್ ಮಾಡೋದು ನಾನೇ ಆಗಿರಬೇಕು ಅಂತ ಇತ್ತು ಸರ್."

ಆ ಶನಿವಾರ ರಾತ್ರಿ

ಊಟದ ಮೇಜಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ ಸಂಜೆ ಐದಕ್ಕೆ ಶುರು ಮಾಡಿದ. ಜೂನ್‌ನಲ್ಲಿ ಕೈಕೊಟ್ಟ ಮಳೆ ಜುಲೈನಲ್ಲಿ ಹಿಡಿದಿತ್ತು. ಹೊರಗೆ ಸುರಿಯುತ್ತಿತ್ತು. ಮನೆಯವರೆಲ್ಲ ಸುತ್ತ ಕೂತಿದ್ದರು.

ಜೋಡಣೆಯಲ್ಲಿ ಅವನು ನಿಜಕ್ಕೂ ಚೊಕ್ಕ. ಹಿಂಬದಿಯ ತಗಡಿನ ಪಟ್ಟಿಯನ್ನು ಮೊದಲೇ ಕ್ಯಾಬಿನೆಟ್ಟಿಗೆ ಕೂರಿಸಿದ. ಇದನ್ನು ಮರೆತು ಎಲ್ಲವನ್ನೂ ಮತ್ತೆ ಬಿಚ್ಚಿದವರು ಎಷ್ಟು ಜನವೋ. ಪ್ರೊಸೆಸರ್ ಜೊತೆ ಬಂದ ಕೂಲರ್ ಸ್ಕ್ರೂ ಹಾಕಿ ಕೂರಿಸುವಂಥದ್ದು. ಅದಕ್ಕೆ ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ಹಿಡಿಗಳನ್ನು ಮೊದಲು ತೆಗೆಯಬೇಕು, ತೆಗೆದ. ಹಿಂದಿನ ಲೋಹದ ತಟ್ಟೆ ಕಳಚಿ ಬೀಳದಂತೆ ಕೈ ಕೊಟ್ಟು ಹಿಡಿದ. ರ‍್ಯಾಮ್‌ಗಳನ್ನು ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿದ. ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ಕೇಬಲ್, ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಎಂಟು ಪಿನ್ನಿನ ಕೇಬಲ್ ನೋಡಲು ಒಂದೇ ಥರ, ಆದರೆ ಬೇರೆ ಬೇರೆ. ಅದರಲ್ಲೂ ತಪ್ಪಲಿಲ್ಲ.

ರಾತ್ರಿ ಹನ್ನೊಂದಕ್ಕೆ ಬಟನ್ ಒತ್ತಿದ. ನಾಲ್ಕೂ ಫ್ಯಾನ್ ತಿರುಗಿದವು, ಬಣ್ಣ ಬಣ್ಣದ ದೀಪ ಹತ್ತಿತು. ಅಮ್ಮ "ಯುಗಾದಿ ದೀಪಾವಳಿ ಎರಡೂ ಬಂದಂಗಾಯ್ತು" ಎಂದರಂತೆ. ಮಾನಿಟರ್ ಮಾತ್ರ "ನೋ ಸಿಗ್ನಲ್" ಎಂದು ತೋರಿಸಿ ಮಲಗಿಬಿಟ್ಟಿತು.

ಮುಂದಿನ ಮೂರು ದಿನ

ಇಲ್ಲಿಂದ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪ್ರಕರಣದ ತಿರುಳು ಇರುವುದು ಇಲ್ಲೇ.

ಮೊದಲು ಅವನು ರ‍್ಯಾಮ್ ತೆಗೆದು ಮತ್ತೆ ಒತ್ತಿ ಕೂರಿಸಿದ. ಇದು ಸರಿಯಾದ ಮೊದಲ ಹೆಜ್ಜೆಯೇ. ಏನೂ ಬದಲಾಗಲಿಲ್ಲ. ಒಬ್ಬ ಗೆಳೆಯನಿಗೆ ಫೋನ್ ಮಾಡಿದ. ಗೆಳೆಯ ಕೇಳಿದ ಮೊದಲ ಪ್ರಶ್ನೆ: "ಮಾನಿಟರ್ ಕೇಬಲ್ ಎಲ್ಲಿಗೆ ಹಾಕಿದ್ದೀಯ?" ತಮ್ಮ ಅದನ್ನು ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹಾಕಿದ್ದ. ಅದು ತಪ್ಪು. ರೈಜನ್ 5 5600ರ ಒಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡಿನಲ್ಲಿ ಎಚ್‌ಡಿಎಂಐ ಕಿಂಡಿ ಇರುವುದು ಗ್ರಾಫಿಕ್ಸ್ ಇರುವ ಬೇರೆ ಪ್ರೊಸೆಸರ್ ಹಾಕುವವರಿಗಾಗಿ. ಇವನ ಪಾಲಿಗೆ ಅದು ಗೋಡೆಗೆ ಬರೆದ ಬಾಗಿಲು. ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು.

ಗೆಳೆಯ ಹೇಳಿದಂತೆ ಕೇಬಲ್ ಬದಲಿಸಿದ. ಆಗಲೂ ನೋ ಸಿಗ್ನಲ್. ಹತ್ತು ನಿಮಿಷ ಕಾದ. "ಅಲ್ಲಿ ಹಾಕಿದ್ರೂ ಅಷ್ಟೇ, ಇಲ್ಲಿ ಹಾಕಿದ್ರೂ ಅಷ್ಟೇ" ಎಂದುಕೊಂಡು, ಕೈಗೆ ಸುಲಭವಾಗಿ ಸಿಗುವ ಮದರ್‌ಬೋರ್ಡಿನ ಕಿಂಡಿಗೇ ವಾಪಸ್ ಹಾಕಿದ.

ಈ ಒಂದು ಚಿಕ್ಕ ಕೆಲಸ ಮುಂದಿನ ಎಲ್ಲವನ್ನೂ ಕೆಡಿಸಿತು. ಅವನ ಕಂಪ್ಯೂಟರಿನಲ್ಲಿ ಇದ್ದದ್ದು ಎರಡು ದೋಷ, ಒಂದಲ್ಲ. ಕೇಬಲ್ ತಪ್ಪು ಜಾಗದಲ್ಲಿತ್ತು, ಅದೊಂದು. ಇನ್ನೊಂದು ಬೋರ್ಡಿನೊಳಗೆ ಇತ್ತು, ಅದು ಇನ್ನೂ ಗೊತ್ತಾಗಿರಲಿಲ್ಲ. ಎರಡು ಬೀಗ ಹಾಕಿದ ಬಾಗಿಲಲ್ಲಿ ಒಂದು ಬೀಗ ತೆಗೆದರೆ ಬಾಗಿಲು ತೆರೆಯುವುದಿಲ್ಲ. ಹಾಗೆಂದು ಆ ಬೀಗದ ಕೈ ಸುಳ್ಳಲ್ಲ. ತಮ್ಮ ಮಾತ್ರ, ಬಾಗಿಲು ತೆರೆಯಲಿಲ್ಲ ಎಂದು ತೆಗೆದ ಬೀಗವನ್ನು ಮತ್ತೆ ಹಾಕಿಬಿಟ್ಟ.

ಆಮೇಲೆ ಭಾನುವಾರ, ಸೋಮವಾರ ಅವನು ಮಾಡಿದ ಯಾವ ಪರೀಕ್ಷೆಗೂ ಬೆಲೆ ಇರಲಿಲ್ಲ. ಒಂದೊಂದೇ ರ‍್ಯಾಮ್ ಹಾಕಿ ನೋಡಿದ. ಗ್ರಾಫಿಕ್ಸ್ ಕಾರ್ಡ್ ತೆಗೆದು ಹಾಕಿದ. ಬೋರ್ಡಿನ ಬಟನ್ ಸೆಲ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದ. ಮಾನಿಟರನ್ನು ಹಳೆಯ ಕಂಪ್ಯೂಟರಿಗೆ ಹಾಕಿ ನೋಡಿದ, ಅದು ಸರಿ ಇತ್ತು. ಇದನ್ನೆಲ್ಲ ಕ್ಯಾಬಿನೆಟ್ಟಿನ ಒಳಗೇ, ಗಾಜು ಬಿಚ್ಚಿ, ಟಾರ್ಚ್ ಹಿಡಿದು ಮಾಡಿದ. ಯಾವುದನ್ನು ಯಾವಾಗ ಬದಲಿಸಿದೆ ಎಂದು ಬರೆದಿಡಲಿಲ್ಲ.

ಸೋಮವಾರ ಸಂಜೆ ಅಂಗಡಿಗೆ ಫೋನ್ ಮಾಡಿದ. ಬೋರ್ಡ್ ಕಳಿಸಿ, ನೋಡೋಣ, ವಾರ ಹತ್ತು ದಿನ ಆಗಬಹುದು ಎಂದರು. ಅಣ್ಣನ ತಾಳ್ಮೆ ಮುಗಿದಿತ್ತು. "ಶಿವಮೊಗ್ಗದಲ್ಲೇ ತಗೊಂಡಿದ್ರೆ ಇಷ್ಟೊತ್ತಿಗೆ ಒಂದು ಮದುವೆ ಎಡಿಟ್ ಆಗಿರ್ತಿತ್ತು" ಎಂದನಂತೆ. ಬೋರ್ಡನ್ನು ಪಾರ್ಸೆಲ್ ಮಾಡಲು ಡಬ್ಬಕ್ಕೂ ಹಾಕಿ ಆಗಿತ್ತು. ಅಷ್ಟರಲ್ಲಿ ಅಣ್ಣನಿಗೆ ನನ್ನ ನೆನಪಾಯಿತು. ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಅವನೇ ಫೋಟೊ ತೆಗೆಯುವವನು.

ದೀಪಗಳ ನಡುವೆ ಒಂದು ದೀಪ

ಮಂಗಳವಾರ ಬೆಳಿಗ್ಗೆ ವಿಡಿಯೊ ಕಾಲ್. ಬೋರ್ಡನ್ನು ಮತ್ತೆ ಕ್ಯಾಬಿನೆಟ್ಟಿಗೆ ಕೂರಿಸಿ ಆನ್ ಮಾಡಿ ತೋರಿಸಿದ. ನನಗೆ ಕಂಡದ್ದು ಬರೀ ನೀಲಿ, ಗುಲಾಬಿ, ಹಸಿರು. ಜಾತ್ರೆಯ ಜಯಂಟ್ ವೀಲ್ ಥರ. "ಫ್ಯಾನ್ ದೀಪದ ವೈರ್ ಕಿತ್ತುಬಿಡಪ್ಪ, ರೂಮಿನ ಲೈಟೂ ಆರಿಸು" ಎಂದೆ.

ಆರಿಸಿದ. ಬೋರ್ಡಿನ ಮೇಲಿನ ಬಲ ಮೂಲೆಯಲ್ಲಿ ಸಾಸಿವೆಯಷ್ಟು ಚಿಕ್ಕ ಕೆಂಪು ದೀಪ ಉರಿಯುತ್ತಿತ್ತು. ಮೂರು ದಿನದಿಂದಲೂ ಅದು ಉರಿಯುತ್ತಲೇ ಇತ್ತು. ಕ್ಯಾಬಿನೆಟ್ಟಿನ ಝಗಮಗದಲ್ಲಿ ಯಾರಿಗೂ ಕಾಣಲಿಲ್ಲ.

ಈಗಿನ ಅನೇಕ ಬೋರ್ಡ್‌ಗಳಲ್ಲಿ ಇಂಥ ನಾಲ್ಕು ದೀಪ ಇರುತ್ತವೆ. ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದಿರುತ್ತದೆ. ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ವಿಂಡೋಸ್ ಇರುವ ಡಿಸ್ಕ್ ಎಂದು ಅರ್ಥ. ಆನ್ ಆದಾಗ ಒಂದೊಂದಾಗಿ ಹತ್ತಿ ಆರುತ್ತವೆ. ಯಾವುದರ ಮೇಲೆ ನಿಂತುಬಿಟ್ಟಿತೋ ಅಲ್ಲಿ ತೊಂದರೆ. ಇಲ್ಲಿ ನಿಂತದ್ದು ಸಿಪಿಯು ಮೇಲೆ. ಅದನ್ನು ಹೇಳಿದೆ. ಹಿಂದಿನಿಂದ ಅಣ್ಣನ ದನಿ ಕೇಳಿತು: "ಸಿಪಿಯು ಪೂರ್ತಿ ಹೋಯ್ತಾ?" ನಮ್ಮ ಕಡೆ ಇಡೀ ಡಬ್ಬಕ್ಕೇ ಸಿಪಿಯು ಅನ್ನುವ ರೂಢಿ. ಅವನಿಗೆ ಒಂದು ಕ್ಷಣ 80,000 ನೀರಿಗೆ ಬಿದ್ದಂತೆ ಕೇಳಿಸಿರಬೇಕು.

ಪ್ರೊಸೆಸರ್ ಸತ್ತಿರುತ್ತದೆ ಎಂದು ನನಗೆ ಅನ್ನಿಸಲಿಲ್ಲ. ಹೊಸ ಪ್ರೊಸೆಸರ್ ಸತ್ತೇ ಬರುವುದು ಅಪರೂಪ. ಬೋರ್ಡಿನ ಮೇಲೆ ಅಂಟಿಸಿದ ಚೀಟಿಯ ಫೋಟೊ ಕಳಿಸಲು ಹೇಳಿದೆ. ಅದರಲ್ಲಿ ಬಯೋಸ್ ಆವೃತ್ತಿ ಇತ್ತು. ಬೋರ್ಡ್ ಕಂಪನಿಯ ವೆಬ್‌ಸೈಟ್ ತೆಗೆದು ನೋಡಿದರೆ ಅದು 2019ರದ್ದು.

ಬಯೋಸ್ ಎಂದರೆ ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್‌ನಲ್ಲಿ ಕೂತಿರುವ ತಂತ್ರಾಂಶ. ಕರೆಂಟ್ ಬಂದ ಕೂಡಲೇ ಮೊದಲು ಏಳುವುದು ಅದು. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂದು ಗುರುತು ಹಿಡಿಯುವುದೂ ಅದೇ. ಬಿ450 ಚಿಪ್‌ಸೆಟ್ ಬಂದದ್ದು 2018ರಲ್ಲಿ. ರೈಜನ್ 5 5600 ಬಂದದ್ದು 2022ರ ಏಪ್ರಿಲ್‌ನಲ್ಲಿ. ಎರಡಕ್ಕೂ ಎಎಂ4 ಸಾಕೆಟ್ಟೇ, ಪ್ರೊಸೆಸರ್ ಸಲೀಸಾಗಿ ಕೂರುತ್ತದೆ. ಆದರೆ 2019ರಲ್ಲಿ ಬರೆದ ಬಯೋಸಿಗೆ 2022ರ ಪ್ರೊಸೆಸರಿನ ಪರಿಚಯ ಹೇಗೆ ಇರಬೇಕು? ಬೋರ್ಡ್ ಕೆಟ್ಟಿರಲಿಲ್ಲ. ಗೋಡೌನಿನಲ್ಲಿ ನಾಲ್ಕು ವರ್ಷ ಮಲಗಿತ್ತು, ಅಷ್ಟೇ.

ಪ್ರತಿ ಬೋರ್ಡಿನ ಪುಟದಲ್ಲೂ ಅದಕ್ಕೆ ಹೊಂದುವ ಪ್ರೊಸೆಸರ್‌ಗಳ ಪಟ್ಟಿ ಇರುತ್ತದೆ. ಹೆಸರಿನ ಮುಂದೆ, ಯಾವ ಬಯೋಸ್ ಆವೃತ್ತಿಯಿಂದ ಎಂದೂ ಬರೆದಿರುತ್ತದೆ. ತಮ್ಮ ಆ ಪಟ್ಟಿ ನೋಡಿದ್ದ. 5600 ಇದೆ ಎಂದು ಖುಷಿಪಟ್ಟು ಪುಟ ಮುಚ್ಚಿದ್ದ. ಪಕ್ಕದ ಕಾಲಮ್ ಓದಿರಲಿಲ್ಲ.

ಯಾವ ದಾರಿ?

ಮೂರು ದಾರಿ ಇದ್ದವು. ಬೋರ್ಡನ್ನು ಬೆಂಗಳೂರಿಗೆ ಕಳಿಸಿ ಅಂಗಡಿಯವರಿಂದಲೇ ಬಯೋಸ್ ಹಾಕಿಸಿಕೊಳ್ಳುವುದು ಒಂದು. ದುಡ್ಡು ಸೇರಿಸಿ ಬೇರೆ ಬೋರ್ಡ್ ತಗೊಳ್ಳುವುದು ಇನ್ನೊಂದು. ಕೆಲವು ಬೋರ್ಡ್‌ಗಳ ಹಿಂದೆ ಒಂದು ಬಟನ್ ಇರುತ್ತದೆ. ಪೆನ್ ಡ್ರೈವ್‌ನಲ್ಲಿ ಬಯೋಸ್ ಫೈಲ್ ಹಾಕಿ ಅದನ್ನು ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ಹೊಸ ಬಯೋಸ್ ಕೂರುತ್ತದೆ. ಇವನ ಬೋರ್ಡಿನಲ್ಲಿ ಆ ಬಟನ್ ಇರಲಿಲ್ಲ. ಉಳಿಸಿದ ಮೂರೂವರೆ ಸಾವಿರದಲ್ಲಿ ಅದೂ ಸೇರಿತ್ತು ಅನ್ನಿ.

ಮೂರನೆಯದು, ಹಳೆಯ ಬಯೋಸಿಗೆ ಪರಿಚಯವಿರುವ ಹಳೆಯ ಪ್ರೊಸೆಸರೊಂದನ್ನು ಹಾಕಿ ಬೋರ್ಡನ್ನು ಎಬ್ಬಿಸಿ, ಬಯೋಸ್ ಬದಲಿಸುವುದು. ನನ್ನ ಮನೆಯ ಕಂಪ್ಯೂಟರಿನಲ್ಲಿ ರೈಜನ್ 3 2200ಜಿ ಇತ್ತು. 2018ರದ್ದು, ಒಳಗೇ ಗ್ರಾಫಿಕ್ಸ್ ಇರುವಂಥದ್ದು. ಬುಧವಾರ ಬಾ ಎಂದೆ. ಪಾರ್ಸೆಲ್ ನಿಂತಿತು.

ನಾನಿಲ್ಲಿ ಸ್ವಲ್ಪ ಧೈರ್ಯ ಮಾಡಿದೆ ಎಂದು ಒಪ್ಪಿಕೊಳ್ಳಬೇಕು. ಬಯೋಸ್ ಹಾಕುವಾಗ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಆಗ ಅಂಗಡಿಯವರು ವಾರಂಟಿ ಕೊಡುತ್ತಾರೋ ಇಲ್ಲವೋ. ಅಣ್ಣನಿಗೆ ಇದನ್ನು ಬಿಡಿಸಿ ಹೇಳಿದೆ. "ಹತ್ತು ದಿನ ಕಾಯೋಕಾಗಲ್ಲ ಸರ್, ನೀವು ಮಾಡಿ" ಎಂದ.

ಬುಧವಾರ

ತಮ್ಮ ಬಸ್ಸಿನಲ್ಲಿ ಬಂದ. ಕ್ಯಾಬಿನೆಟ್, ಮಾನಿಟರ್ ಬಿಟ್ಟು ಉಳಿದದ್ದೆಲ್ಲ ಎರಡು ಚೀಲದಲ್ಲಿ. ಬೋರ್ಡಿನ ಡಬ್ಬಕ್ಕೆ ಮೂರು ಪ್ಲಾಸ್ಟಿಕ್ ಕವರ್ ಸುತ್ತಿದ್ದ. ತಾನು ನೆನೆದಿದ್ದ.

ಕೂಲರ್ ಬಿಚ್ಚು ಎಂದೆ. ನಾನು ಪೆನ್ ಡ್ರೈವ್ ಹುಡುಕಲು ಒಳಗೆ ಹೋದೆ. "ಟಕ್" ಎಂದು ಶಬ್ದ ಕೇಳಿತು. ಬಂದು ನೋಡಿದರೆ ಹುಡುಗನ ಮುಖ ಬಿಳಿಚಿತ್ತು. ಕೂಲರ್ ಜೊತೆಗೆ ಪ್ರೊಸೆಸರ್ರೂ ಸಾಕೆಟ್ಟಿನಿಂದ ಕಿತ್ತು ಬಂದಿತ್ತು.

ಎಎಂ4 ಪ್ರೊಸೆಸರ್‌ನ ಅಡಿಯಲ್ಲಿ 1,331 ಪಿನ್ ಇರುತ್ತವೆ. ಸಾಕೆಟ್ಟಿನ ಸರಳು ಹಿಡಿದಿದ್ದರೂ, ಶಾಖ ದಾಟಲೆಂದು ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಅಂಟಿನಂತೆ ಹಿಡಿದುಕೊಂಡಾಗ ನೇರ ಮೇಲಕ್ಕೆ ಎಳೆದರೆ ಹೀಗೆ ಆಗುವುದುಂಟು. ಕೂಲರನ್ನು ಮೊದಲು ಆ ಕಡೆ ಈ ಕಡೆ ನಿಧಾನವಾಗಿ ತಿರುಚಿ, ಹಿಡಿತ ಬಿಟ್ಟ ಮೇಲೆ ಎತ್ತಬೇಕು. ಪೇಸ್ಟ್ ಬೆಚ್ಚಗಿದ್ದರೆ ಇನ್ನೂ ಸುಲಭ. ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಒಂದೆರಡು ನಿಮಿಷ ಹಿಡಿದರೂ ಆಯಿತು. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಹೇಳದೆ ಎದ್ದು ಹೋದದ್ದು ನನ್ನ ತಪ್ಪು.

ಒಂದು ಮೂಲೆಯಲ್ಲಿ ಮೂರು ಪಿನ್ ಬಗ್ಗಿದ್ದವು. ಮುರಿದಿರಲಿಲ್ಲ, ಪುಣ್ಯ. ಮಗಳ ಲೆಡ್ ಪೆನ್ಸಿಲ್ ತಂದು ಲೆಡ್ ತೆಗೆದು, ಅದರ ಟೊಳ್ಳು ಮೂತಿಯನ್ನು ಒಂದೊಂದು ಪಿನ್ನಿಗೂ ತೊಡಿಸಿ ಕೂದಲೆಳೆಯಷ್ಟೇ ಎತ್ತುತ್ತಾ ಬಂದೆವು. ಪಿನ್ನುಗಳ ಸಾಲು ನೆಟ್ಟಗಿದೆಯೇ ಎಂದು ಬೆಳಕಿಗೆ ಹಿಡಿದು ಓರೆಯಲ್ಲಿ ನೋಡುವುದು, ಮತ್ತೆ ಎತ್ತುವುದು. ಮುಕ್ಕಾಲು ಗಂಟೆ ಹಿಡಿಯಿತು. ಇಬ್ಬರೂ ಮಾತಾಡಲಿಲ್ಲ.

ನನ್ನ 2200ಜಿಯನ್ನು ತಿರುಚಿಯೇ ತೆಗೆದು ಅವನ ಬೋರ್ಡಿಗೆ ಹಾಕಿದೆವು. ಈ ಸಲ ಕ್ಯಾಬಿನೆಟ್ ಇಲ್ಲ. ಬೋರ್ಡಿನ ರಟ್ಟಿನ ಡಬ್ಬದ ಮೇಲೇ ಬೋರ್ಡ್, ಒಂದೇ ಒಂದು ರ‍್ಯಾಮ್, ಎಸ್‌ಎಂಪಿಎಸ್. ಪವರ್ ಬಟನ್ನಿನ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ಆನ್ ಆಗುತ್ತದೆ. ನಾಲ್ಕು ಸೆಕೆಂಡಿಗೆ ಡಿಸ್‌ಪ್ಲೇ ಬಂತು. ಐದು ದಿನದಲ್ಲಿ ಆ ಬೋರ್ಡ್ ಆಡಿದ ಮೊದಲ ಮಾತು.

ಕಂಪನಿಯ ಪುಟದಲ್ಲಿ ಒಂದು ಸೂಚನೆ ಇತ್ತು. ಅಷ್ಟು ಹಳೆಯ ಬಯೋಸಿನಿಂದ ನೇರ ಹೊಸದಕ್ಕೆ ಹಾರಬಾರದು, ನಡುವಿನ ಒಂದು ಆವೃತ್ತಿ ಹಾಕಿ ಆಮೇಲೆ ಹೊಸದು ಹಾಕಬೇಕು. ಅಂದರೆ ಎರಡು ಸಲ. ಎಲ್ಲವನ್ನೂ ಯುಪಿಎಸ್‌ಗೆ ಹಾಕಿ ಮೊದಲನೆಯದನ್ನು ಮುಗಿಸಿದೆವು. ಬೋರ್ಡ್ ತಾನೇ ಆರಿ ಎದ್ದಿತು. ಅಷ್ಟರಲ್ಲಿ ಕರೆಂಟ್ ಹೋಯಿತು.

ಯುಪಿಎಸ್ ಕೀರಲು ಶುರುಮಾಡಿತು. "ಸರ್, ಮೂರೇ ನಿಮಿಷ ಅಲ್ವಾ, ಮುಗಿಸಿಬಿಡೋಣ" ಎಂದ ತಮ್ಮ. ನನಗೂ ಆಸೆಯಾಯಿತು. ಆದರೆ ಆ ಯುಪಿಎಸ್‌ನ ಬ್ಯಾಟರಿಗೆ ನಾಲ್ಕು ವರ್ಷ. ಮೂರು ನಿಮಿಷ ತಡೆಯುತ್ತದೆಯೇ ಎಂದು ಕೇಳಿದರೆ ನಾನೇ ಆಣೆ ಮಾಡಲಾರೆ. ಆರಿಸಿಬಿಟ್ಟೆ. ಊಟ ಮಾಡಿದೆವು. ಮಳೆ ನೋಡಿದೆವು. ಕರೆಂಟ್ ಬಂದ ಮೇಲೂ ಅರ್ಧ ಗಂಟೆ ಬಿಟ್ಟು, ಅದು ನಿಂತಿದೆ ಎಂದು ಖಾತ್ರಿಯಾದ ಮೇಲೆ, ನಾಲ್ಕೂವರೆಗೆ ಎರಡನೆಯದು ಹಾಕಿದೆವು. ತೊಂದರೆಯಾಗಲಿಲ್ಲ.

ಈಗ ಅವನ 5600, ಹೊಸ ಪೇಸ್ಟ್, ಕೂಲರ್, ಎರಡೂ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ. ಮಾನಿಟರ್ ಕೇಬಲನ್ನು ಅವನೇ ಹಾಕಿದ. ಸ್ಕ್ರೂಡ್ರೈವರ್ ತಾಗಿಸಿದ.

ನೋ ಸಿಗ್ನಲ್.

ಅವನು ಕುರ್ಚಿಗೆ ಕುಸಿದ. "ಪಿನ್ ಹೋಗಿದೆ ಸರ್" ಎಂದ. ನಾನು ಪರದೆ ನೋಡಲಿಲ್ಲ, ದೀಪ ನೋಡಿದೆ. ಸಿಪಿಯು ಹತ್ತಿ ಆರಿತು. ಡಿರ‍್ಯಾಮ್ ಹತ್ತಿ ಆರಿತು. ವಿಜಿಎ ಆರಿತು. ಬೂಟ್ ಮೇಲೆ ನಿಂತಿತು. ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಇಲ್ಲದ್ದರಿಂದ ಅದು ಅಲ್ಲೇ ನಿಲ್ಲಬೇಕು. ಅಂದರೆ ಕಂಪ್ಯೂಟರ್ ಎದ್ದಿದೆ, ನಮಗೆ ಕಾಣುತ್ತಿಲ್ಲ. ಹಿಂದೆ ಬಗ್ಗಿ ನೋಡಿದೆ. ಕೇಬಲ್ ಮತ್ತೆ ಮದರ್‌ಬೋರ್ಡಿನ ಎಚ್‌ಡಿಎಂಐನಲ್ಲಿತ್ತು. 2200ಜಿ ಇದ್ದಾಗ ಅಲ್ಲೇ ಹಾಕಿದ್ದೆವಲ್ಲ, ಕೈ ತಾನಾಗೇ ಅಲ್ಲಿಗೆ ಹೋಗಿದೆ.

ಕಿತ್ತು ಕಾರ್ಡಿಗೆ ಹಾಕಿದೆ. ಬಂತು.

ಅವನು ನಗಲಿಲ್ಲ. ಸುಮ್ನೆ ಕೇಬಲನ್ನೇ ನೋಡುತ್ತ ಕೂತ. "ಶನಿವಾರ ರಾತ್ರಿ ಅವನು ಹೇಳಿದ್ದು ಸರಿ ಇತ್ತಲ್ಲ ಸರ್" ಎಂದ, ಗೆಳೆಯನ ಬಗ್ಗೆ.

ಆಮೇಲೆ

ಊರಿಗೆ ಹೋಗಿ ಅದೇ ರಾತ್ರಿ ಕ್ಯಾಬಿನೆಟ್ಟಿಗೆ ಕೂರಿಸಿ ವಿಂಡೋಸ್ ಹಾಕಿದ. ಮರುದಿನ ಬಯೋಸಿನೊಳಗೆ ಎಕ್ಸ್‌ಎಂಪಿ ಆನ್ ಮಾಡಿಸಿದೆ. 3200 ವೇಗದ ರ‍್ಯಾಮ್ ತಗೊಂಡಿದ್ದರೂ ಅಲ್ಲಿಯ ತನಕ ಅದು 2400ರಲ್ಲಿ ಓಡುತ್ತಿತ್ತು. ತುಂಬಾ ಜನ ಇದನ್ನು ಮಾಡದೆ ವರ್ಷಗಟ್ಟಲೆ ಬಳಸುತ್ತಾರೆ. ಹನ್ನೊಂದು ಮದುವೆಗಳೂ ಅಧಿಕ ಮಾಸ ಮುಗಿಯುವಷ್ಟರಲ್ಲಿ ಮುಗಿದವು.

ಕೈಯಿಂದ ಹೋದ ಖರ್ಚು ಬಸ್ ಚಾರ್ಜು ಮತ್ತು ಪೇಸ್ಟಿನ ಟ್ಯೂಬು, ಅಷ್ಟೇ. ಐದು ದಿನ ಹೋದದ್ದು ಬೇರೆ. ಬೋರ್ಡನ್ನು ಪಾರ್ಸೆಲ್ ಮಾಡಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಲೆಕ್ಕ ಹಾಕಿದೆವು. ಅಂಗಡಿಯವರು ಹೊಸ ಬಯೋಸ್ ಹಾಕಿ ವಾಪಸ್ ಕಳಿಸುತ್ತಿದ್ದರು. ಇವನು ಕೇಬಲನ್ನು ಅದೇ ತಪ್ಪು ಕಿಂಡಿಗೆ ಹಾಕುತ್ತಿದ್ದ. ಮತ್ತೆ ನೋ ಸಿಗ್ನಲ್. ಎರಡನೆಯ ಸಲ ಇನ್ನೇನನ್ನು ಪಾರ್ಸೆಲ್ ಮಾಡುತ್ತಿದ್ದನೋ. ಪರೀಕ್ಷೆ ಮಾಡುವಾಗ ಸರಿ ಎಂದು ಗೊತ್ತಿರುವುದನ್ನು ಸರಿಯಾಗೇ ಬಿಟ್ಟು ಮುಂದಕ್ಕೆ ಹೋಗಬೇಕು ಎಂದು ನಾನು ಲ್ಯಾಬಿನ ಹುಡುಗರಿಗೆ ಹೇಳುತ್ತಿದ್ದೆ. ಈಗ ಜೊತೆಗೆ ಒಂದು ಪೇಪರು ಪೆನ್ನು ಕೊಡುತ್ತೇನೆ. ಏನು ಬದಲಿಸಿದೆ, ಯಾವ ದೀಪ ಹತ್ತಿತು, ಬರಿ ಎನ್ನುತ್ತೇನೆ.

ಒಂದು ತಿಂಗಳ ಮೇಲೆ ಇನ್ನೊಂದು ಫೋನ್. ರೆಂಡರ್ ಹಾಕಿದಾಗ ಕರೆಂಟ್ ಹೋದರೆ ಯುಪಿಎಸ್ ಇದ್ದೂ ಕಂಪ್ಯೂಟರ್ ಆರುತ್ತಿತ್ತು. ಸ್ಟುಡಿಯೊದ ಹಳೆಯ 600 ವಿಎ ಯುಪಿಎಸ್ ಅದು. ಅಂಥದ್ದು ಸಾಮಾನ್ಯವಾಗಿ ತಡೆಯುವುದು 360 ವ್ಯಾಟ್. ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತದೆ. ಪ್ರೊಸೆಸರ್, ಮಾನಿಟರ್, ಡಿಸ್ಕ್, ಫ್ಯಾನ್ ಸೇರಿದರೆ 300 ದಾಟುತ್ತದೆ. ಹಳೆಯ ಬ್ಯಾಟರಿಗೆ ಅದು ಆಗದ ಕೆಲಸ. ದೊಡ್ಡ ಯುಪಿಎಸ್ ತಂದರು. 80,000ದ ಲೆಕ್ಕದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಕಂಪ್ಯೂಟರ್ ಜೋಡಿಸುವವರು ಪಟ್ಟಿಯಲ್ಲಿ ಯುಪಿಎಸ್ ಬರೆದು ಆಮೇಲೆ ಕ್ಯಾಬಿನೆಟ್ಟಿನ ದೀಪಕ್ಕೆ ಬರುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ಪಾಠ ಆಮೇಲೆ ಬಂತು. ಅದು ಇಂದಿಗೂ ನನ್ನನ್ನು ಕೊರೆಯುತ್ತದೆ. ಮರುವರ್ಷ ಅಣ್ಣ ಹೊಸ ಕ್ಯಾಮೆರಾ ತಗೊಂಡ. ಅದರಲ್ಲಿ ಬಣ್ಣದ ವಿವರ ಹೆಚ್ಚಿರುವ 10 ಬಿಟ್, 4:2:2 ಎಚ್.265 ಫೈಲುಗಳು. ಬಣ್ಣ ತಿದ್ದಲು ತುಂಬಾ ಚೆಂದ. ಆದರೆ ಟೈಮ್‌ಲೈನಿಗೆ ಹಾಕಿದರೆ ಈ ಕಂಪ್ಯೂಟರ್ ತಡವರಿಸಿತು. ಅಂಥ ಫೈಲನ್ನು ಬಿಡಿಸುವ ಸೌಲಭ್ಯ 3060 ಕಾರ್ಡಿನ ಚಿಪ್ಪಿನಲ್ಲಿಲ್ಲ. 2021ರಿಂದೀಚಿನ ಹೆಚ್ಚಿನ ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಇದೆ, ಹೆಸರಿನ ಕೊನೆಗೆ ಎಫ್ ಇಲ್ಲದವುಗಳಲ್ಲಿ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಅಂಥ ಪ್ರೊಸೆಸರ್ ತಗೊಂಡು ಕಾರ್ಡಿನಲ್ಲಿ ಸ್ವಲ್ಪ ಇಳಿದಿದ್ದರೆ ಈ ಕೆಲಸಕ್ಕೆ ಜಾಸ್ತಿ ಅನುಕೂಲವಾಗುತ್ತಿತ್ತು. ಅಷ್ಟೇ ಅಲ್ಲ, ಆಗ ಮದರ್‌ಬೋರ್ಡಿನ ಎಚ್‌ಡಿಎಂಐ ಕೂಡ ಜೀವಂತ ಇರುತ್ತಿತ್ತು.

ತಮ್ಮ ಪ್ರೊಸೆಸರ್ ಆರಿಸಿದ್ದು ಆಟ ಆಡುವವರು ಮಾಡಿದ ವಿಡಿಯೊ ನೋಡಿ. ಆಟಕ್ಕೆ ಅದು ಒಳ್ಳೆಯ ಪ್ರೊಸೆಸರ್ರೇ. ನಿನ್ನ ಕ್ಯಾಮೆರಾ ಯಾವ ಫೈಲ್ ಕೊಡುತ್ತದೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಬುಧವಾರ ಇಡೀ ದಿನ ಪಕ್ಕದಲ್ಲೇ ಕೂತಿದ್ದ ನಾನೂ ಕೇಳಲಿಲ್ಲ. ಈಗ ಅವರು ಪ್ರತಿ ಮದುವೆಯ ಫೈಲುಗಳಿಗೆ ರಾತ್ರಿ ಹೊತ್ತು ಹಗುರವಾದ ಪ್ರಾಕ್ಸಿ ಪ್ರತಿ ಮಾಡಿಕೊಂಡು, ಬೆಳಿಗ್ಗೆ ಅದರ ಮೇಲೆ ಎಡಿಟ್ ಮಾಡುತ್ತಾರೆ. ಕೆಲಸ ನಡೆಯುತ್ತಿದೆ.

ಕಳೆದ ಸಲ ಆ ಕಡೆ ಹೋದಾಗ ಸ್ಟುಡಿಯೊಗೆ ಹೋಗಿದ್ದೆ. ಫ್ಯಾನಿನ ದೀಪಗಳು ಆರಿದ್ದವು. ಆ ವೈರನ್ನು ಆಮೇಲೆ ಹಾಕಲೇ ಇಲ್ಲವಂತೆ. ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ನೋಡಿದೆ. ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಯ ಮೇಲೆ ಕರಿ ಇನ್ಸುಲೇಷನ್ ಟೇಪ್ ಅಂಟಿಸಿತ್ತು. "ಅದು ನಾನು ಹಾಕಿದ್ದಲ್ಲ ಸರ್, ಅಣ್ಣ ಹಾಕಿದ್ದು" ಎಂದ ತಮ್ಮ.